ಆಳ ಅಳೆಯುವ ಎಂಎಸ್5837 ಸೆನ್ಸರ್: ಸಿಲ್ವರ್ ಓಕ್ ಮರದಿಂದ ನೇತ್ರಾಣಿಯವರೆಗೆ

ಸ್ಕೂಬಾ ಡೈವಿಂಗ್‌ಗೆ ಆಳ ತೋರಿಸುವ ಮೀಟರನ್ನು ಮನೆಯಲ್ಲೇ ಮಾಡಬೇಕು ಅಂತ ಹೊರಟವರು ಮೊದಲು ತರಿಸಬೇಕಾದ್ದು ನೀರಿನ ಒತ್ತಡ ಅಳೆಯುವ ಈ ಸೆನ್ಸರನ್ನು. ಪೂರ್ತಿ ಹೆಸರು ಎಂಎಸ್5837-30ಬಿಎ. ನಾನು ತಗೊಂಡಿದ್ದು ಬೋಲ್ಟ್ ಥರದ ಲೋಹದ ಕವಚದಲ್ಲಿ ಕೂರಿಸಿದ್ದು. ಹಿಂದೆ ನಾಲ್ಕು ವೈರ್ ಇವೆ. ಕೊರಿಯರ್ ಸೇರಿ 3,500 ರೂಪಾಯಿ ಆಯಿತು.

ಸೆನ್ಸರ್ ಮಾತ್ರ ನೋಡಿದರೆ ಬರೀ 3.3 ಮಿಲಿಮೀಟರ್ ಚೌಕ, ನಮ್ಮ ಕಾಳುಮೆಣಸಿಗಿಂತ ಚಿಕ್ಕದು. ಆದರೆ 30 ಬಾರ್ ಒತ್ತಡದವರೆಗೆ, ಅಂದರೆ ಸುಮಾರು 300 ಮೀಟರ್ ನೀರಿನವರೆಗೆ ಅಳೆಯುತ್ತದೆ. ಹೊಸದಾಗಿ ಕಲಿತ ನಮ್ಮಂಥವರು ಇಳಿಯುವುದು 18 ಮೀಟರ್ ಒಳಗೆ, ಹಾಗಾಗಿ ಬೇಕಾದಷ್ಟಾಯಿತು. ಜೊತೆಗೆ 2 ಮಿಲಿಮೀಟರ್ ವ್ಯತ್ಯಾಸವನ್ನೂ ಹಿಡಿಯುತ್ತದೆ. ಬಕೆಟ್ ನೀರಿನಲ್ಲಿ ಒಂದು ಬೆರಳಿನಷ್ಟು ಮೇಲೆ ಕೆಳಗೆ ಮಾಡಿದರೂ ಅಂಕಿ ಬದಲಾಗುತ್ತದೆ, ನೋಡುವುದಕ್ಕೇ ಖುಷಿ.

3.3 ವೋಲ್ಟ್‌ನ ಆರ್ಡುಯಿನೋ ಪ್ರೊ ಮಿನಿ (ಪ್ರೋಗ್ರಾಂ ಓಡಿಸುವ ಸಣ್ಣ ಬೋರ್ಡ್), ಒಂದು ಸಣ್ಣ ಓಎಲ್‌ಇಡಿ ಡಿಸ್‌ಪ್ಲೇ, ಲಿಥಿಯಂ ಬ್ಯಾಟರಿ. ಇಷ್ಟಿದ್ದರೆ ಸಾಕು. 5 ವೋಲ್ಟ್ ಮಾತ್ರ ಕೊಡಬೇಡಿ, ಸೆನ್ಸರ್ ತಡೆದುಕೊಳ್ಳುವುದು 3.6 ವೋಲ್ಟ್‌ವರೆಗೆ ಅಷ್ಟೇ.

ಮೊದಲ ದಿನ ಮೇಜಿನ ಮೇಲಿಟ್ಟು ಆನ್ ಮಾಡಿದಾಗ ಆಳ ಮೈನಸ್ 1.3 ಮೀಟರ್ ಅಂತ ಬಂತು. ಸೆನ್ಸರ್ ಹಾಳಾಗಿದೆ ಅಂದುಕೊಂಡು ವಾಪಸ್ ಕಳಿಸುವುದಕ್ಕೆ ಪ್ಯಾಕ್ ಕೂಡ ಮಾಡಿದ್ದೆ. ಆಮೇಲೆ ಹೊಳೆಯಿತು, ತಪ್ಪು ಸೆನ್ಸರ್‌ದಲ್ಲ. ಜೊತೆಗೆ ಬಳಸುವ ಪ್ರೋಗ್ರಾಂ ಸಮುದ್ರ ಮಟ್ಟದ ಗಾಳಿಯ ಒತ್ತಡವನ್ನೇ, ಅಂದರೆ 1013 ಮಿಲಿಬಾರ್ ಅನ್ನು ಸೊನ್ನೆ ಅಂತ ಹಿಡಿಯುತ್ತದೆ. ನಮ್ಮ ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಇಲ್ಲಿ ಒತ್ತಡ 880ರ ಆಸುಪಾಸು. ಆ ವ್ಯತ್ಯಾಸವೇ 1.3 ಮೀಟರ್ ನೀರಿನ ಲೆಕ್ಕಕ್ಕೆ ಬರುತ್ತದೆ. ಆನ್ ಮಾಡಿದ ಕೂಡಲೇ ಅಲ್ಲಿನ ಗಾಳಿಯ ಒತ್ತಡ ಓದಿ ಅದನ್ನೇ ಸೊನ್ನೆ ಮಾಡಿಕೊಳ್ಳುವಂತೆ ನಾಲ್ಕು ಸಾಲು ಸೇರಿಸಿದೆ, ಸರಿಹೋಯಿತು. ಬೆಟ್ಟದ ಮೇಲೆ ಕೂತು ಮಾಡುವವರು ಇದನ್ನು ಮರೆಯಬೇಡಿ. ನೀರಿಗೆ ಇಳಿಯುವ ಮೊದಲೇ ಆನ್ ಮಾಡಬೇಕು ಅನ್ನುವುದನ್ನೂ.

ಪರೀಕ್ಷೆ ಮಾಡುವುದಕ್ಕೆ ಆಳದ ನೀರು ಎಲ್ಲಿ ಹುಡುಕುವುದು? ಹಾರಂಗಿ ಜಲಾಶಯಕ್ಕೆ ಹೋಗಿ ಇಳಿಯುವ ಹಾಗಿಲ್ಲ, ನಮ್ಮ ತೋಟದ ಕೆರೆ ಎರಡಾಳು ಆಳ ಇಲ್ಲ. ಆದರೆ ಒತ್ತಡ ಬರುವುದು ನೀರು ಎಷ್ಟು ಎತ್ತರಕ್ಕೆ ನಿಂತಿದೆ ಅನ್ನುವುದರಿಂದ, ಎಷ್ಟು ಅಗಲ ಇದೆ ಅನ್ನುವುದರಿಂದ ಅಲ್ಲ. ಅದಕ್ಕೆ 2 ಇಂಚಿನ ಪಿವಿಸಿ ಪೈಪ್ ತಂದೆ. ಒಂದು ಪೂರ್ತಿ 20 ಅಡಿ, ಇನ್ನೊಂದರ ಅರ್ಧ. ತಳದ ಕ್ಯಾಪ್‌ಗೆ ತೂತು ಕೊರೆದು ಸೆನ್ಸರನ್ನು ಓ-ರಿಂಗ್ (ನೀರು ಸೋರದಂತೆ ತಡೆಯುವ ರಬ್ಬರ್ ಬಳೆ) ಹಾಕಿ ನಟ್ ಬಿಗಿದು ಕೂರಿಸಿದೆ. ಆಗ ಮೆಣಸು ಕೊಯ್ಲು ನಡೆಯುತ್ತಿತ್ತು, ಏಣಿ ಹೇಗೂ ಸಿಲ್ವರ್ ಓಕ್ ಮರಕ್ಕೇ ಒರಗಿತ್ತು. ಪೈಪನ್ನು ಅದೇ ಮರಕ್ಕೆ ನೆಟ್ಟಗೆ ಕಟ್ಟಿಸಿದೆ. ಮೆಣಸು ಕೊಯ್ಯುವ ಹುಡುಗ ಕೊಡದಲ್ಲಿ ನೀರು ಹೊತ್ತು ಏಣಿ ಹತ್ತಿ, "ಅಣ್ಣ, ಮರಕ್ಕೆ ಮೇಲಿಂದ ನೀರು ಹಾಕೋದಾ?" ಅಂತ ಕೇಳಿದ. ತುಂಬಿದಾಗ 30 ಅಡಿ, ಅಂದರೆ 9.14 ಮೀಟರ್. ಡಿಸ್‌ಪ್ಲೇಯಲ್ಲಿ 9.11 ಬಂತು. ಅರ್ಧ ತುಂಬಿದಾಗಲೂ 2-3 ಸೆಂಟಿಮೀಟರ್ ಒಳಗೇ ಇತ್ತು. ನಾನಂತೂ ಕುಣಿದುಬಿಟ್ಟೆ!

ಬೇಜಾರಾಗಿದ್ದು ಡಬ್ಬಿಯಿಂದ. ಆನ್‌ಲೈನ್‌ನಲ್ಲಿ ತರಿಸಿದ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಐಪಿ67 ವಾಟರ್‌ಪ್ರೂಫ್ ಅಂತ ಬರೆದಿತ್ತು. ಬಾವಿಗೆ ಹಗ್ಗದಲ್ಲಿ 5 ಮೀಟರ್ ಇಳಿಸಿ ಎತ್ತುವಷ್ಟರಲ್ಲಿ ಒಳಗೆಲ್ಲ ನೀರು, ಒಂದು ಬೋರ್ಡ್ ಹೋಯಿತು. ಐಪಿ67 ಅಂದರೆ 1 ಮೀಟರ್ ನೀರಿನಲ್ಲಿ ಅರ್ಧ ಗಂಟೆ ಅಷ್ಟೇ. ಇದನ್ನು ಮಾರುವವರು ಡೈವಿಂಗ್‌ಗೂ ಆಗುತ್ತದೆ ಅಂತ ಹಾಕಿದ್ದು ನಿಜಕ್ಕೂ ತಪ್ಪು. ಆಮೇಲೆ ದಪ್ಪ ಅಕ್ರಿಲಿಕ್ ಕೊಳವೆ ತಂದು, ಎರಡೂ ಕಡೆ ಎರಡೆರಡು ಓ-ರಿಂಗ್ ಹಾಕಿ ಸಿಲಿಕೋನ್ ಗ್ರೀಸ್ ಹಚ್ಚಿದೆ. ಸ್ವಿಚ್‌ಗೆ ತೂತೇ ಬೇಡ ಅಂತ ಒಳಗೆ ರೀಡ್ ಸ್ವಿಚ್ ಇಟ್ಟೆ, ಹೊರಗಿಂದ ಅಯಸ್ಕಾಂತ ತಾಗಿಸಿದರೆ ಆನ್ ಆಗುತ್ತದೆ. ಇದು ಇವತ್ತಿನವರೆಗೆ ಒಂದು ಹನಿಯೂ ಸೋರಿಲ್ಲ. ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಸಿಲಿರುವ ದಿನವೇ ಮುಚ್ಚಿ. ನಮ್ಮ ಮಳೆಗಾಲದ ಗಾಳಿಯನ್ನು ಒಳಗೆ ಮುಚ್ಚಿಟ್ಟರೆ ತಣ್ಣನೆ ನೀರಿಗೆ ಹೋದ ಕೂಡಲೇ ಗಾಜಿನಂಥ ಕೊಳವೆ ಮಂಜಾಗಿ ಅಂಕಿ ಕಾಣುವುದಿಲ್ಲ.

ಏಪ್ರಿಲ್‌ನಲ್ಲಿ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋದೆವು. ಮೊದಲ ಡೈವ್‌ನಲ್ಲಿ ಗೈಡ್ ಅವರ ಡೈವ್ ಕಂಪ್ಯೂಟರ್ (ಕೈಗೆ ಕಟ್ಟಿಕೊಳ್ಳುವ, ಆಳ ಮತ್ತು ಸಮಯ ತೋರಿಸುವ ಸಾಧನ) 14.2 ಮೀಟರ್ ತೋರಿಸುವಾಗ ನನ್ನದರಲ್ಲಿ 14.6 ಇತ್ತು. ಬಾವಿಯ ಪರೀಕ್ಷೆಗೆ ಪ್ರೋಗ್ರಾಂನಲ್ಲಿ ಹಾಕಿದ್ದ ಸಿಹಿನೀರಿನ ಸಾಂದ್ರತೆ, ಅಂದರೆ ಘನ ಮೀಟರ್‌ಗೆ 997 ಕೆಜಿ, ಹಾಗೇ ಉಳಿದಿತ್ತು. ಸಮುದ್ರಕ್ಕೆ 1029 ಹಾಕಬೇಕು, ಉಪ್ಪುನೀರು ಸುಮಾರು 3 ಪರ್ಸೆಂಟ್ ಜಾಸ್ತಿ ಭಾರ ಅಲ್ವಾ. ದೋಣಿಯಲ್ಲೇ ಲ್ಯಾಪ್‌ಟಾಪ್ ತೆಗೆಯುವ ಹಾಗಿರಲಿಲ್ಲ, ಸಂಜೆ ರೂಮಿನಲ್ಲಿ ಬದಲಾಯಿಸಿದೆ. ಮಾರನೆಯ ದಿನ ಎರಡೂ ಹತ್ತು ಸೆಂಟಿಮೀಟರ್ ಒಳಗೆ ಹೊಂದಿಕೊಂಡವು. ಮೇಲೆ ಬರುವಾಗ ನಿಮಿಷಕ್ಕೆ 9 ಮೀಟರ್‌ಗಿಂತ ಜೋರಾಗಿ ಏರಬಾರದು ಅಂತ ನಮಗೆ ಕಲಿಸಿದ್ದರು, ಆ ವೇಗವನ್ನೂ ಇದರಲ್ಲೇ ತೋರಿಸುವಂತೆ ಮಾಡಿದ್ದೇನೆ.

ಇಷ್ಟಾದರೂ ಇದನ್ನೊಂದನ್ನೇ ನಂಬಿ ಯಾರೂ ಇಳಿಯಬೇಡಿ, ದಯವಿಟ್ಟು. ಕೈಯಲ್ಲಿ ಸರಿಯಾದ ಡೈವ್ ಕಂಪ್ಯೂಟರ್ ಇರಲೇಬೇಕು, ಇದು ಪಕ್ಕದಲ್ಲಿ ಎರಡನೆಯದಾಗಿ ಇರಲಿ.

ಸೆನ್ಸರ್ ತುದಿಯ ಜೆಲ್ ಮೇಲೆ ಬೆರಳು, ಬ್ರಷ್ ಏನೂ ತಾಗಿಸಬೇಡಿ. ಡೈವ್ ಆದ ಮೇಲೆ ಸಿಹಿನೀರಿನಲ್ಲಿ ಅದ್ದಿ, ಪೂರ್ತಿ ಒಣಗಲು ಬಿಡಿ, ಒದ್ದೆಯಾಗೇ ಇಟ್ಟರೆ ಅಂಕಿ ನಿಧಾನಕ್ಕೆ ಜರುಗುತ್ತದೆ. ಈಗ ಇಲ್ಲಿ ಮಳೆ ಹಿಡಿದಿದೆ, ನೇತ್ರಾಣಿಗೆ ದೋಣಿಯೂ ಇಲ್ಲ. ನನ್ನದನ್ನು ಅಕ್ಕಿ ಡಬ್ಬದೊಳಗೆ ಇಟ್ಟಿದ್ದೇನೆ, ಓ-ರಿಂಗ್ ಹೊಸದು ತರಿಸಿದ್ದೇನೆ.