ಕಾರ್ಬನ್ ಹ್ಯಾಂಡಲ್‌ಬಾರ್ ಆನ್‌ಲೈನಲ್ಲಿ ತರಿಸುವ ಮುಂಚೆ ಇದನ್ನೊಮ್ಮೆ ಓದಿ

ಮೌಂಟನ್ ಬೈಕಿಗೆ, ಅಂದರೆ ಗುಡ್ಡಗಾಡಿನ ಸೈಕಲಿಗೆ, ಕಾರ್ಬನ್ ಫೈಬರಿನ ಹ್ಯಾಂಡಲ್‌ಬಾರ್ ಹಾಕಬೇಕು ಅಂತಿದ್ದೀರಾ? ಹೆಸರುವಾಸಿ ಬ್ರ್ಯಾಂಡಿನದೇ ಆನ್‌ಲೈನಲ್ಲಿ ಸ್ವಲ್ಪ ಕಡಿಮೆಗೆ ಕಾಣಿಸ್ತಿದೆಯಾ? ದಯವಿಟ್ಟು ಆರ್ಡರ್ ಮಾಡುವ ಮುಂಚೆ ಇದನ್ನು ಓದಿ. ನಾನು ತರಿಸಿದ ಬಾರ್ ನಕಲಿ. ಅದು ಗೊತ್ತಾಗಿದ್ದು ರೇಸಿನ ನಡುವೆ, ಇಳಿಜಾರಿನಲ್ಲಿ, ಅದು ಎರಡು ತುಂಡಾದ ಮೇಲೆ. ಭುಜದ ಮೂಳೆ ಮುರಿಯಿತು, ಸೀಸನ್ ಅಲ್ಲಿಗೇ ಮುಗಿಯಿತು.

ವಿಷಯ ಹೇಳಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: "ಬೆಲೆ ನೋಡಿದಾಗಲೇ ಅನುಮಾನ ಬರಲಿಲ್ವಾ?" ಬರುವ ಹಾಗೆ ಇರಲೇ ಇಲ್ಲ. ಕಾಲು ಬೆಲೆಗೆ ಮಾರಿದರೆ ಯಾರೂ ನಂಬಲ್ಲ ಅನ್ನುವುದು ನಕಲಿ ಮಾರುವವರಿಗೂ ಚೆನ್ನಾಗಿ ಗೊತ್ತು. ಸೀಸನ್ ಮುಗಿಯುವಾಗ ಅಂಗಡಿಗಳಲ್ಲಿ ಎಷ್ಟು ಇಳಿಸುತ್ತಾರೋ ಅಷ್ಟೇ ಇಳಿಸಿದ್ದ ಈ ಪುಣ್ಯಾತ್ಮ. ಡಬ್ಬ ಸರಿಯಾಗಿತ್ತು. ಒಳಗೆ ಮ್ಯಾನ್ಯುಯಲ್ ಇತ್ತು, ಹೊಳೆಯುವ ಹೊಲೊಗ್ರಾಮ್ ಸ್ಟಿಕ್ಕರ್ ಇತ್ತು, ಸೀರಿಯಲ್ ನಂಬರ್ ಇತ್ತು. ಆ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದೆ, ಅಸಲಿ ಅಂತಲೇ ಬಂತು. ಬರದೆ ಇನ್ನೇನು? ಯಾವುದೋ ಅಸಲಿ ಬಾರಿನ ನಂಬರನ್ನೇ ಎತ್ತಿ ಅಚ್ಚು ಹಾಕಿದ್ದರು. ಅದೇ ನಂಬರಿನ ಬಾರ್ ಇನ್ನೊಬ್ಬ ರೈಡರ್ ಹತ್ತಿರವೂ ಇದೆ ಅಂತ ಆಮೇಲೆ ತಿಳಿಯಿತು.

ತೂಕ ಮಾತ್ರ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ತೋರಿಸಿತ್ತು. ಆದರೆ ಅಸಲಿ ಬಾರುಗಳಲ್ಲೂ ಕೆಲವು ಗ್ರಾಂ ಆಚೀಚೆ ಆಗುವುದು ಮಾಮೂಲಿ. ಅದೊಂದನ್ನೇ ಹಿಡಿದುಕೊಂಡು ನಕಲಿ ಅನ್ನಲು ಆಗುವುದಿಲ್ಲ.

ಮುರಿದ ರೀತಿ ಹೇಳುತ್ತೇನೆ, ಯಾಕಂದ್ರೆ ಕಾರ್ಬನ್ ಬಗ್ಗೆ ತಿಳಿಯಬೇಕಾದ್ದು ಅದರಲ್ಲೇ ಇದೆ. ಏರು ಹತ್ತುವಾಗ ಬಾರನ್ನು ಎಳೆದು ಎಳೆದು ತುಳಿದಿದ್ದೆ, ಏನೂ ಆಗಿರಲಿಲ್ಲ. ಕಿರ್ ಅನ್ನುವ ಸದ್ದಿಲ್ಲ, ಅಲುಗಾಟವಿಲ್ಲ. ದೊಡ್ಡದೇನೂ ಅಲ್ಲದ ಒಂದು ಡ್ರಾಪ್ (ಮೆಟ್ಟಿಲಿನಂಥ ತಗ್ಗು) ಹಾರಿ ನೆಲಕ್ಕೆ ಇಳಿದೆ, ಅಷ್ಟೇ. ಟಪ್ ಅಂತ ಒಂದು ಸದ್ದು. ಬಲಗೈಯಲ್ಲಿ ಗ್ರಿಪ್ಪು, ಬ್ರೇಕ್ ಲಿವರು, ಶಿಫ್ಟರು ಸಮೇತ ಒಂದು ತುಂಡು ಉಳಿಯಿತು. ಆ ತುಂಡು ಸೈಕಲಿಗೆ ಅಂಟಿಕೊಂಡಿದ್ದು ಬ್ರೇಕ್ ಹೋಸು ಮತ್ತು ಗೇರ್ ಕೇಬಲಿನಿಂದ. ಮುಂದಿನ ಚಕ್ರ ಎಡಕ್ಕೆ ತಿರುಗಿತು, ನಾನು ಅದರ ಮೇಲಿಂದ ಹೋದೆ.

ಎಕ್ಸ್‌ಸಿಒ ರೇಸಿನಲ್ಲಿ, ಅಂದರೆ ಒಲಿಂಪಿಕ್ಸಿನಲ್ಲೂ ಇರುವ ಮೌಂಟನ್ ಬೈಕ್ ಕ್ರಾಸ್-ಕಂಟ್ರಿ ರೇಸಿನಲ್ಲಿ, ಹೊರಗಿನವರ ನೆರವು ಸಿಗುವುದು ಗೊತ್ತುಮಾಡಿದ ಟೆಕ್ನಿಕಲ್ ಝೋನಿನಲ್ಲಿ ಮಾತ್ರ. ಪಂಕ್ಚರ್ ಆದರೆ ಹೇಗೋ ಅಲ್ಲಿವರೆಗೆ ಹೋಗಿ ಚಕ್ರ ಬದಲಿಸಿಕೊಳ್ಳಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಟಾಮ್ ಪಿಡ್‌ಕಾಕ್ ಪಂಕ್ಚರ್ ಆಗಿ, ಚಕ್ರ ಬದಲಿಸಿಕೊಂಡು, ಹಿಂದೆ ಬಿದ್ದು, ಕೊನೆಗೆ ಚಿನ್ನವನ್ನೇ ಗೆದ್ದರಲ್ಲ. ಬಾರ್ ಮುರಿದರೆ ಅಂಥ ಕಥೆ ಇಲ್ಲ. ಝೋನಿಗೆ ತಲುಪುವ ಮಾತು ಬಿಡಿ, ಎದ್ದು ನಿಂತರೆ ಸಾಕು.

ಮನೆಗೆ ಬಂದ ಮೇಲೆ ಮುರಿದ ಬಾಯಿಯನ್ನು ದೀಪಕ್ಕೆ ಹಿಡಿದು ನೋಡಿದೆ. ಹೊರಗೆ ಕಾಣುವ ಆ ಚೆಂದದ ನೇಯ್ಗೆ ಮೇಲಿನ ಒಂದು ಪದರ ಮಾತ್ರ. ಅದರ ಕೆಳಗೆ ಗೋಡೆ ಒಂದು ಕಡೆ ದಪ್ಪ, ಎದುರು ಕಡೆ ಅರ್ಧಕ್ಕರ್ಧ ತೆಳು. ಪದರಗಳ ನಡುವೆ ಗಾಳಿಯ ಗುಳ್ಳೆಗಳ ತೂತುಗಳು. ಒಳಮೈಯಲ್ಲಿ ರೆಸಿನ್ (ಎಳೆಗಳನ್ನು ಹಿಡಿದಿಡುವ ಅಂಟು) ಗಂಟು ಗಂಟಾಗಿ ಒಣಗಿತ್ತು. ಸರಿಯಾಗಿ ಮುರಿದ ಜಾಗದಲ್ಲೇ ಒಂದು ಸುಕ್ಕು. ಇಸ್ತ್ರಿ ಮಾಡುವಾಗ ಬಟ್ಟೆ ಮಡಚಿಕೊಂಡು ಗೆರೆ ಕೂರುತ್ತದಲ್ಲ, ಹಾಗೆ ಎಳೆಗಳು ಮಡಚಿ ಕೂತಿದ್ದವು.

ಆ ಸುಕ್ಕೇ ಅಪಾಯ. ಕಾರ್ಬನ್ ಎಳೆಗೆ ಬಲ ಇರುವುದು ಅದು ನೆಟ್ಟಗಿರುವಾಗ, ಅದರ ಉದ್ದಕ್ಕೆ. ಎಳೆ ಮಡಚಿದರೆ ಭಾರವೆಲ್ಲ ರೆಸಿನ್ ಮೇಲೆ ಬೀಳುತ್ತದೆ, ರೆಸಿನ್ ಅಷ್ಟು ತಡೆಯುವುದಿಲ್ಲ. ಒಳ್ಳೆಯ ಬಾರ್ ಮಾಡುವಾಗ ಪದರಗಳನ್ನು ಲೆಕ್ಕ ಹಾಕಿದ ಕೋನಗಳಲ್ಲಿ ಸುತ್ತುತ್ತಾರೆ. ಅಚ್ಚಿನೊಳಗೆ ಇಟ್ಟು ಒಳಗಿನಿಂದ ಗಾಳಿಯ ಒತ್ತಡ ಕೊಟ್ಟು ಬಿಸಿಯಲ್ಲಿ ಗಟ್ಟಿ ಮಾಡುತ್ತಾರೆ. ಗುಳ್ಳೆ, ಹೆಚ್ಚಿನ ರೆಸಿನ್ ಎಲ್ಲ ಆ ಒತ್ತಡಕ್ಕೆ ಹೊರಗೆ ಹೋಗುತ್ತವೆ. ನಕಲಿಯಲ್ಲಿ ದುಡ್ಡು ಉಳಿಸುವುದು ಇಲ್ಲೇ, ಯಾಕಂದ್ರೆ ಇದು ಯಾರ ಕಣ್ಣಿಗೂ ಕಾಣುವುದಿಲ್ಲ. ಬಣ್ಣ, ಲೋಗೋ ಮಾತ್ರ ಅಚ್ಚುಕಟ್ಟು. ಆಮೇಲೆ ಪರೀಕ್ಷೆ. ಐಎಸ್‌ಒ 4210 ಅನ್ನುವ ಸೈಕಲ್ ಸುರಕ್ಷತಾ ಮಾನದಂಡದ ಪ್ರಕಾರ ಬಾರು, ಸ್ಟೆಮ್ಮು (ಬಾರನ್ನು ಬೋಲ್ಟುಗಳಿಂದ ಸೈಕಲಿಗೆ ಹಿಡಿದಿಡುವ ಭಾಗ) ಎರಡನ್ನೂ ಮಷೀನಿಗೆ ಕಟ್ಟಿ ಒಂದು ಲಕ್ಷ ಸಲ ಎಳೆದು ಒತ್ತುತ್ತಾರೆ. ನನ್ನ ಬಾರ್ ಮಷೀನಿನ ಮುಖವನ್ನೇ ನೋಡಿರಲಿಕ್ಕಿಲ್ಲ.

ಬಾರ್ ಮೇಲೆ ಅತಿ ಹೆಚ್ಚು ಭಾರ ಬೀಳುವುದು ಸ್ಟೆಮ್ಮಿನ ಅಂಚಿನಲ್ಲಿ. ಬಾರ್ ಅಗಲವಾದಷ್ಟೂ ಸನ್ನೆಕೋಲಿನ ಹಾಗೆ ಅಲ್ಲಿ ಬೀಳುವ ಬಲ ಜಾಸ್ತಿ. ಈಗ ಎಕ್ಸ್‌ಸಿ ರೇಸಿಗೂ 740, 760 ಮಿಲಿಮೀಟರ್ ಬಾರ್ ಹಾಕುತ್ತಾರೆ. ನನ್ನದು ಮುರಿದದ್ದೂ ಸ್ಟೆಮ್ಮಿನ ಪಕ್ಕದಲ್ಲೇ.

ಇದನ್ನೇ ಮಾರಾಟಗಾರ ಹಿಡಿದುಕೊಂಡ. ಫೋಟೋ ಕಳಿಸಿದ ತಕ್ಷಣ ಉತ್ತರ ಬಂತು: "ಸರ್, ನೀವು ಬೋಲ್ಟ್ ಜಾಸ್ತಿ ಟೈಟ್ ಮಾಡಿದ್ದೀರಾ." ಎಷ್ಟು ಬಿಗಿಯಿತು ಅಂತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ, ಸ್ಟೆಮ್ ಮೇಲೆ ಬರೆದಿರುವ 5 ನ್ಯೂಟನ್ ಮೀಟರಿಗೇ ಬಿಗಿದಿದ್ದು, ಬಾರ್ ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್ ಹಚ್ಚಿಯೇ ಕೂರಿಸಿದ್ದು ಅಂದೆ. "ಹಾಗಾದ್ರೆ ಬಿದ್ದಿದ್ದಕ್ಕೆ ಮುರಿದಿದೆ ಸರ್." ಬಿದ್ದಿದ್ದಕ್ಕೆ ಮುರಿದದ್ದಲ್ಲ ಮಾರಾಯ, ಮುರಿದಿದ್ದಕ್ಕೆ ಬಿದ್ದದ್ದು. ಆಮೇಲೆ ಉತ್ತರವೇ ಇಲ್ಲ. ನಾನು ಆರ್ಡರ್ ಮಾಡಿದ ಶಾಪಿಂಗ್ ವೆಬ್‌ಸೈಟಿನವರು ರಿಟರ್ನ್ ಅವಧಿ ಮುಗಿದಿದೆ ಅಂದರು. ಬಳಸಿದ ವಸ್ತು ವಾಪಸ್ ತಗೊಳ್ಳಲ್ಲ ಅಂತಲೂ ಅಂದರು.

ಕೊನೆಗೆ ಕೆಲಸ ಮಾಡಿದ್ದು ಒಂದೇ ಕಾಗದ. ಬ್ರ್ಯಾಂಡಿನವರಿಗೆ ಮುರಿದ ಜಾಗದ, ಒಳಮೈಯ, ಲೋಗೋದ, ಡಬ್ಬದ ಫೋಟೋ ಕಳಿಸಿ, ಇದು ನಿಮ್ಮದೇನಾ ಅಂತ ಕೇಳಿದೆ. "ಇದು ನಮ್ಮ ಉತ್ಪನ್ನವಲ್ಲ" ಅಂತ ಬರೆದು ಕಳಿಸಿದರು. ಅದನ್ನು ತೋರಿಸಿದ ಮೇಲೆ ವೆಬ್‌ಸೈಟಿನವರು ಬಾರಿನ ದುಡ್ಡು ವಾಪಸ್ ಕೊಟ್ಟರು. ಆಸ್ಪತ್ರೆಯ ದುಡ್ಡಿನ ಮಾತೆತ್ತಿದರೆ ಸಂಬಂಧವೇ ಇಲ್ಲ ಅನ್ನುತ್ತಾರೆ. ನಿಮಗೂ ಹೀಗಾದರೆ ಮೊದಲು ಬ್ರ್ಯಾಂಡಿಗೆ ಬರೆಯಿರಿ, ಮಾರಾಟಗಾರನ ಜೊತೆ ವಾದ ಮಾಡುತ್ತಾ ಸಮಯ ಹಾಳು ಮಾಡಿಕೊಳ್ಳಬೇಡಿ. ಮುರಿದ ತುಂಡನ್ನು ಮಾರಾಟಗಾರ "ಪರೀಕ್ಷೆಗೆ" ಕಳಿಸಿ ಅಂದರೂ ಕೊಡಬೇಡಿ. ನಿಮ್ಮ ಕೈಲಿರುವ ಸಾಕ್ಷಿ ಅದೊಂದೇ.

ಬಾರ್ ಈಗಾಗಲೇ ತರಿಸಿಬಿಟ್ಟಿದ್ದರೆ, ಹಾಕುವ ಮುಂಚೆ ಮೊಬೈಲ್ ಟಾರ್ಚಿನ ಬೆಳಕು ಬಿಟ್ಟು ಒಳಗೆ ನೋಡಿ. ಒಳ್ಳೆಯ ಬಾರಿನ ಒಳಮೈ ಬಹುತೇಕ ಸಮವಾಗಿರುತ್ತದೆ. ಗಂಟು, ಮಡಿಕೆ, ನೇತಾಡುವ ಪ್ಲಾಸ್ಟಿಕ್ ಚೂರು, ಬೆರಳಿಗೆ ಚುಚ್ಚುವ ಎಳೆ ಕಂಡರೆ ಹಾಕಲೇಬೇಡಿ. ತುದಿಯಲ್ಲಿ ಗೋಡೆಯ ದಪ್ಪವನ್ನು ಸುತ್ತಲೂ ಕ್ಯಾಲಿಪರಿನಲ್ಲಿ ಅಳೆಯಿರಿ. ಸ್ಟೆಮ್ ಕೂರುವ ಜಾಗ 31.8 ಅಥವಾ 35 ಮಿಲಿಮೀಟರ್ ಇರಬೇಕು. ಅಲ್ಲೂ ಸುತ್ತಲೂ ಅಳೆಯಿರಿ, ಒಂದೊಂದು ಕಡೆ ಒಂದೊಂದು ಅಳತೆ ಬಂದರೆ ಅದು ದುಂಡಗೇ ಇಲ್ಲ ಅಂತ ಅರ್ಥ. ನಾಣ್ಯದಿಂದ ತಟ್ಟಿ ಸದ್ದು ಕೇಳಿ ಅಂತ ಕೆಲವರು ಹೇಳುತ್ತಾರೆ. ಅದನ್ನು ನೆಚ್ಚಿಕೊಳ್ಳಬೇಡಿ. ನನ್ನದು ತಟ್ಟಿದರೆ ಚೆನ್ನಾಗೇ ಕೇಳುತ್ತಿತ್ತು. ಇದೆಲ್ಲದರಲ್ಲೂ ಪಾಸಾದರೂ ಅಸಲಿ ಅಂತ ಖಾತ್ರಿ ಇಲ್ಲ. ಬ್ರ್ಯಾಂಡಿನ ಸೈಟಿನಲ್ಲಿ ಡೀಲರುಗಳ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಇರುವವರಿಂದ ಬಿಲ್ ಸಮೇತ ತಗೊಳ್ಳುವುದು ಬಿಟ್ಟು ನನಗೆ ಬೇರೆ ದಾರಿ ಕಾಣುತ್ತಿಲ್ಲ. ದೊಡ್ಡ ವೆಬ್‌ಸೈಟ್ ಅನ್ನುವುದು ಭರವಸೆ ಅಲ್ಲ. ಅಲ್ಲಿ ಮಾರುವವನು ಬೇರೆಯೇ ಇರುತ್ತಾನೆ.

ಅಥವಾ ಅಲ್ಯೂಮಿನಿಯಂ ಬಾರನ್ನೇ ಇಟ್ಟುಕೊಳ್ಳಿ. ರೋಡ್ ರೇಸಿನ ಸೈಕಲಿಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ 6.8 ಕಿಲೋ ಅಂತ ಕನಿಷ್ಠ ತೂಕ ಇಟ್ಟಿದೆ. ಮೌಂಟನ್ ಬೈಕಿಗೆ ಆ ಮಿತಿ ಇಲ್ಲ. ಹಾಗಾಗಿ ನಮ್ಮ ಕಡೆ ಗ್ರಾಂ ಹುಚ್ಚಿಗೆ ಕೊನೆಯೇ ಇಲ್ಲ. ಆದರೆ ಬಾರಿನಲ್ಲಿ ಉಳಿಯುವುದು ಸುಮಾರು ನೂರು ಗ್ರಾಂ. ಅದು ಒಂದೆರಡು ಗುಟುಕು ನೀರಿನ ತೂಕ, ಅಲ್ವಾ? ಅಲ್ಯೂಮಿನಿಯಂ ಮುರಿಯುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2006ರ ಪ್ಯಾರಿಸ್-ರೂಬೆ ರೇಸಿನಲ್ಲಿ ಜಾರ್ಜ್ ಹಿಂಕಾಪಿ ಸೈಕಲಿನ ಅಲ್ಯೂಮಿನಿಯಂ ಸ್ಟೀರರ್ (ಸ್ಟೆಮ್ ಕೂರುವ ಕೊಳವೆ) ಮುರಿದು ಬಾರ್ ಕೈಗೇ ಬಂದಿತ್ತು. ಆದರೂ ಅಲ್ಯೂಮಿನಿಯಂ ಬಾರ್ ಪೆಟ್ಟು ತಿಂದರೆ ಬಾಗಿಯಾದರೂ ಎಷ್ಟೋ ಸಲ ಸುಳಿವು ಕೊಡುತ್ತದೆ.

ಚೈನು, ಬ್ರೇಕ್ ಪ್ಯಾಡುಗಳಲ್ಲೂ ನಕಲಿ ಇದೆ. ಹೆಲ್ಮೆಟ್‌ನದು ಇನ್ನೂ ಕೆಟ್ಟದ್ದು. ಇಎನ್ 1078, ಸಿಪಿಎಸ್‌ಸಿ ಅನ್ನುವ ಸುರಕ್ಷತಾ ಮಾನದಂಡಗಳ ಸ್ಟಿಕ್ಕರುಗಳನ್ನು ಯಾರು ಬೇಕಾದರೂ ಪ್ರಿಂಟ್ ಹಾಕಬಹುದು. ಒಳಗಿನ ಫೋಮು ಪೆಟ್ಟು ತಡೆಯುತ್ತದಾ ಅಂತ ಗೊತ್ತಾಗುವ ಹೊತ್ತಿಗೆ ತಲೆ ನೆಲ ಮುಟ್ಟಿರುತ್ತದೆ.

ನನಗೆ ಮಾರಿದವನ ಪುಟ ಈಗ ಇಲ್ಲ. ಅದೇ ಫೋಟೋಗಳು, ಅದೇ ಟೇಬಲ್ಲಿನ ಮೇಲೆ ಇಟ್ಟ ಅದೇ ಬಾರ್, ಬೇರೆ ಹೆಸರಿನ ಅಂಗಡಿಯಲ್ಲಿ ಮತ್ತೆ ಕಾಣಿಸುತ್ತಿದೆ. ನಿಮ್ಮ ಹತ್ತಿರ ಅನುಮಾನದ ಬಾರ್ ಇದ್ದರೆ, ದೂರು, ದುಡ್ಡಿನ ವ್ಯವಹಾರ ಎಲ್ಲ ಮುಗಿದ ಮೇಲೆ ಅದನ್ನು ಹಾಗೇ ಗುಜರಿಗೆ ಹಾಕಬೇಡಿ. ಮಾಸ್ಕ್ ಹಾಕಿಕೊಂಡು, ಏಳುವ ಧೂಳು ಒಳಗೆ ಹೋಗದ ಹಾಗೆ ನೋಡಿಕೊಂಡು, ಗರಗಸದಲ್ಲಿ ಮಧ್ಯಕ್ಕೆ ಕೊಯ್ದು ಎಸೆಯಿರಿ. ಇಡಿಯಾಗಿ ಬಿಟ್ಟರೆ ಯಾರೋ ಒರೆಸಿ ತಮ್ಮ ಸೈಕಲಿಗೆ ಹಾಕಿಕೊಳ್ಳುತ್ತಾರೆ.