ಹಳೇ ಕಾರಿಗೆ ಆಟೋ ಹೆಡ್‌ಲೈಟ್ ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಬೆಂಗಳೂರಿನ ಜೆ.ಸಿ. ರೋಡ್ ಕಡೆ ಹೋದರೆ ಕತ್ತಲಾದಾಗ ತಾನಾಗಿಯೇ ಹತ್ತುವ ಆಟೋ ಹೆಡ್‌ಲೈಟ್ ಕಿಟ್ ಸುಲಭವಾಗಿ ಸಿಗುತ್ತದೆ. ಬೆಳಕು ಅಳೆಯುವ ಒಂದು ಚಿಕ್ಕ ಸೆನ್ಸರ್, ಒಂದು ಕರಿ ಡಬ್ಬಿ, ನಾಲ್ಕೈದು ವೈರ್, ಅಷ್ಟೇ. ನನ್ನದು 2008ರ ಹ್ಯಾಚ್‌ಬ್ಯಾಕ್. "ಪ್ಲಗ್ ಅಂಡ್ ಪ್ಲೇ ಸಾರ್, ಒಂದು ವೈರೂ ಕಟ್ ಮಾಡಲ್ಲ" ಅಂತ ಹೇಳಿ ಹಾಕಿಕೊಟ್ಟರು. ಅಂಗಡಿ ಹೆಸರು ಹೇಳಲ್ಲ. ಇದೇ ಕೆಲಸವನ್ನು ಹೀಗೇ ಮಾಡುವವರು ಊರ ತುಂಬಾ ಇದ್ದಾರೆ.

ಮೊದಲು ಕಂಡಿದ್ದು ಸಣ್ಣ ಕಿರಿಕಿರಿ. ಮೈಸೂರು ರೋಡಿನಲ್ಲಿ ಮೆಟ್ರೊ ಕೆಳಗೆ ಹೋಗುವಾಗ ಹಾಡಹಗಲೇ ಲೈಟ್ ಹತ್ತುವುದು, ಆರುವುದು. ದಾರಿ ಬಿಡಿ ಅಂತ ನಾನೇ ಲೈಟ್ ಹೊಡೆಯುತ್ತಿದ್ದೇನೆ ಅಂದುಕೊಂಡು ಮುಂದಿನ ಆಟೋದವರು ತಿರುಗಿ ಗುರಾಯಿಸುತ್ತಿದ್ದರು. ಒಳ್ಳೆ ಕಿಟ್ ಆದರೆ ನೆರಳು ಬಿದ್ದ ತಕ್ಷಣ ಲೈಟ್ ಹಾಕದೆ ಕೆಲವು ಸೆಕೆಂಡ್ ಕಾದು ನೋಡುತ್ತದೆ. ಇದಕ್ಕೆ ಆ ತಾಳ್ಮೆ ಇರಲಿಲ್ಲ. ಇನ್ನು ಮಧ್ಯಾಹ್ನದ ಜೋರು ಮಳೆ, ನಂದಿ ಬೆಟ್ಟದ ಬೆಳಗಿನ ಮಂಜು, ಇಲ್ಲೆಲ್ಲ ಲೈಟ್ ಬೇಕೇ ಬೇಕು, ಅಲ್ವಾ? ಆದರೆ ಆಕಾಶ ಬೆಳ್ಳಗಿದ್ದರೆ ಸೆನ್ಸರ್ ಪಾಲಿಗೆ ಅದು ಹಗಲೇ. ಕಂಪನಿಯಿಂದಲೇ ಬರುವ ಆಟೋ ಲೈಟ್ ಕೂಡ ಇಲ್ಲಿ ಎಡವುವುದುಂಟು.

ಆಮೇಲೆ ಬ್ಯಾಟರಿ. ಹಬ್ಬಕ್ಕೆ ಊರಿಗೆ ಹೋಗಿ ಬಂದು ಸೆಲ್ಫ್ ಹೊಡೆದರೆ ಬರೀ ಟಿಕ್ ಟಿಕ್. ಡಬ್ಬಿಗೆ ಕರೆಂಟನ್ನು ಇಗ್ನಿಷನ್ ಲೈನಿನಿಂದ ಕೊಡದೆ ನೇರ ಬ್ಯಾಟರಿಯಿಂದ ಎಳೆದಿದ್ದರು. ಕೀ ತೆಗೆದ ಮೇಲೂ ಅದು ಕುಡಿಯುತ್ತಲೇ ಇತ್ತು.

ಇವೆಲ್ಲ ಹೋಗಲಿ. ಒಂದು ರಾತ್ರಿ ನೈಸ್ ರೋಡಿನಲ್ಲಿ ಎರಡೂ ಹೆಡ್‌ಲೈಟ್ ಒಟ್ಟಿಗೆ ಆರಿಹೋದವು. ಸ್ವಿಚ್ ತಿರುಗಿಸಿದೆ, ಹತ್ತಲಿಲ್ಲ. ಪಾಸ್ ಲೈಟಿನ ಲಿವರ್ ಎಳೆದು ಹಿಡಿದರೆ ಮಾತ್ರ ಹೈ ಬೀಮ್ ಬರುತ್ತಿತ್ತು. ಅದನ್ನು ಹಾಗೇ ಎಳೆದು ಹಿಡಿದುಕೊಂಡು, ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸಿ ಎಡಕ್ಕೆ ತಂದು ನಿಲ್ಲಿಸಿದೆ. ಹಿಂದೆ ಲಾರಿಗಳು ಬರುತ್ತಿದ್ದವು.

ಮಾರನೇ ದಿನ ಕೆಂಗೇರಿಯ ಎಲೆಕ್ಟ್ರಿಷಿಯನ್ ಒಬ್ಬರು ಸ್ಟೀರಿಂಗ್ ಕೆಳಗಿನ ಕವರ್ ಬಿಚ್ಚಿದರು. ವೈರುಗಳನ್ನು ಜೋಡಿಸುವ ಬಿಳಿ ಕಪ್ಲರ್ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿತ್ತು. ವೈರುಗಳನ್ನು ಸುಮ್ನೆ ಹೊಸೆದು ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪಿನ ಅಂಟು ಬಿಸಿಗೆ ಕರಗಿ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. "ರಿಲೇನೇ ಹಾಕಿಲ್ಲ ಸಾರ್, ಪೂರ್ತಿ ಲೋಡ್ ಈ ಡಬ್ಬಿ ಮೇಲೇ ಬಿಟ್ಟಿದ್ದಾರೆ" ಅಂದರು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್.

ಲೆಕ್ಕ ಇಷ್ಟೇ. ಲೋ ಬೀಮ್ ಹ್ಯಾಲೊಜೆನ್ ಬಲ್ಬ್ ಒಂದಕ್ಕೆ 55 ವ್ಯಾಟ್, ಎರಡು ಸೇರಿ 110. 12 ವೋಲ್ಟಿಗೆ ಸುಮಾರು 9 ಆಂಪಿಯರ್. ಹೊಸೆದ ಜಾಯಿಂಟಿನಲ್ಲಿ ಅಷ್ಟು ಕರೆಂಟ್ ಗಂಟೆಗಟ್ಟಲೆ ಹರಿದರೆ ಬಿಸಿಯಾಗದೇ ಇರುತ್ತಾ? ಫ್ಯೂಸ್ ಹೋಗುತ್ತಲ್ಲ ಅಂತೀರಾ? ಹೋಗಲ್ಲ. ಜಾಯಿಂಟ್ ಸಡಿಲವಾದರೆ ಕರೆಂಟ್ ಜಾಸ್ತಿ ಆಗುವುದಿಲ್ಲ, ಆ ಜಾಗದ ಬಿಸಿ ಮಾತ್ರ ಏರುತ್ತದೆ. ಫ್ಯೂಸಿಗೆ ಗೊತ್ತೇ ಆಗುವುದಿಲ್ಲ. ನನಗೆ ಹೊಗೆ ಬರಲಿಲ್ಲ, ಅದೇ ಪುಣ್ಯ. ಬೆಂಕಿ ಬಿದ್ದಿದ್ದರೆ ವೈರಿಂಗ್ ಕತ್ತರಿಸಿದ್ದಾರೆ ಅಂತ ವಿಮೆಯವರೂ ತಕರಾರು ತೆಗೆಯುತ್ತಿದ್ದರೇನೋ.

ಅಂಗಡಿಯವರು ದುಡ್ಡು ವಾಪಸ್ ಕೊಡಲಿಲ್ಲ. "ನಿಮ್ಮ ಗಾಡಿ ವೈರಿಂಗೇ ಹಳೇದು ಸಾರ್" ಅಂದರು. ಹಳೇದು ಅಂತ ನೋಡಿಯೇ ತಾನೇ ಹಾಕಿದ್ದು?

ನೀವು ಹಾಕಿಸಲೇಬೇಕು ಅಂತಿದ್ದರೆ ರಿಲೇ ಇರುವ ಹೆಡ್‌ಲೈಟ್ ವೈರಿಂಗ್ ಕಿಟ್ ಮೊದಲು ಹಾಕಿಸಿ. ಬಲ್ಬಿನ ಕರೆಂಟ್ ಬ್ಯಾಟರಿಯಿಂದ ಫ್ಯೂಸ್, ರಿಲೇ ಮೂಲಕ ಹೋಗಲಿ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಸೆನ್ಸರ್ ಡಬ್ಬಿ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡಲಿ, ಅದಕ್ಕೆ ಅರ್ಧ ಆಂಪಿಯರ್ ಕೂಡ ಬೇಡ. ಡಬ್ಬಿಯ ಕರೆಂಟ್ ಕೀ ಆನ್ ಆದಾಗ ಮಾತ್ರ ಬರಬೇಕು. ಎಲ್ಲಕ್ಕಿಂತ ಮುಖ್ಯ, ಡಬ್ಬಿಯನ್ನು ಹಳೇ ಸ್ವಿಚ್ಚಿನ ಲೈನ್ ಕತ್ತರಿಸಿ ಮಧ್ಯೆ ತೂರಿಸಬಾರದು, ಪಕ್ಕದಲ್ಲಿ ಸೇರಿಸಬೇಕು. ನನ್ನದರಲ್ಲಿ ಮಧ್ಯೆ ತೂರಿಸಿದ್ದರು, ಅದಕ್ಕೇ ಡಬ್ಬಿ ಸತ್ತಾಗ ಸ್ವಿಚ್ಚೂ ಸತ್ತಿದ್ದು.

ಇದನ್ನು ಅಂಗಡಿ ಮುಂದೆಯೇ ನೋಡಬಹುದು. ಕೆಲಸ ಮುಗಿದ ಮೇಲೆ ಡಬ್ಬಿಯ ಕಪ್ಲರ್ ಕಿತ್ತು ಹಳೇ ಸ್ವಿಚ್ ಆನ್ ಮಾಡಿ. ಲೈಟ್ ಹತ್ತದಿದ್ದರೆ ದುಡ್ಡು ಕೊಡಬೇಡಿ, ಗಾಡಿಯನ್ನೂ ಅಲ್ಲಿಂದ ತೆಗೆಯಬೇಡಿ.