ಸುಟ್ಟ ಅಕೇಶಿಯಾ ತೋಪಿನಲ್ಲಿ ಚೈನ್ ಸಾ ಚಾಪ್ಸ್: 5ಕ್ಕೆ 4

ಸಾಗರದ ಕಡೆ 14 ವರ್ಷದಿಂದ ಮರ ಕೊಯ್ಯುವ ಮಷಿನ್ ಹಿಡಿದಿದ್ದೇನೆ. ಇಷ್ಟು ದಿನ ಹಳೇ ಪ್ಯಾಂಟು, ಚಪ್ಪಲಿಯಲ್ಲೇ ಕೆಲಸ. ಈ ಬೇಸಿಗೆಯಲ್ಲಿ ಬೆಂಕಿ ಬಿದ್ದ ಅಕೇಶಿಯಾ ತೋಪೊಂದನ್ನು ಕೊಯ್ಯಲು ಒಪ್ಪಿದಾಗ ಹೆಂಡತಿ ಹಟ ಹಿಡಿದಳು. ಹಾಗಾಗಿ ತೊಡೆಯಿಂದ ಪಾದದವರೆಗೆ ಮುಚ್ಚುವ ಈ ಕಿತ್ತಳೆ ಬಣ್ಣದ ಚಾಪ್ಸ್, ಅಂದರೆ ಚೈನಿನಿಂದ ಕಾಲು ಕಾಯಲು ಪ್ಯಾಂಟಿನ ಮೇಲೆ ಕಟ್ಟುವ ಕವಚ, ತರಿಸಿದೆ. ಮೊದಲ ದಿನ ಕಟ್ಟಿಕೊಂಡು ಹೋದರೆ ಜೊತೆಯವರು, "ಏನು ಮಾರಾಯ, ಇವತ್ತು ಯಾವ ಪ್ರಸಂಗ?" ಅಂತ ನಕ್ಕರು.

ಒಂಬತ್ತನೇ ದಿನ ನಗು ನಿಂತಿತು. ಬಿದ್ದ ಮರದ ಟೊಂಗೆ ಸವರುತ್ತಿದ್ದೆ. ಬಲಗಾಲಿಟ್ಟ ಜಾಗ ಕುಸಿಯಿತು. ಮೇಲೆ ಬೂದಿ, ಕೆಳಗೆ ಬೇರು ಸುಟ್ಟು ಉಳಿದ ಗುಂಡಿ. ಮೊಣಕಾಲುದ್ದ ಇಳಿದೆ, ಮಷಿನ್ ಎಡ ತೊಡೆಗೆ ತಾಗಿತು. ಬಟ್ಟೆ ಸೀಳಿ, ಒಳಗಿನ ಬಿಳಿ ನೂಲು ಎದ್ದು ಚೈನಿಗೆ ಸುತ್ತಿಕೊಂಡು, ಮಷಿನ್ ಗಕ್ಕನೆ ನಿಂತಿತು. ಚರ್ಮಕ್ಕೆ ಗೀರೂ ಇಲ್ಲ. ನೂಲು ಬಿಡಿಸಲು ಅರ್ಧ ಗಂಟೆ ಹಿಡಿಯಿತು, ಅದು ಬೇರೆ ಕತೆ.

ಲೇಬಲ್‌ನಲ್ಲಿ ಕ್ಲಾಸ್ 1 ಎಂದಿದೆ. ಅಂದರೆ ಸೆಕೆಂಡಿಗೆ 20 ಮೀಟರ್ ಓಡುವ ಚೈನ್ ಇಟ್ಟು ಪರೀಕ್ಷೆ ಮಾಡಿದ್ದು. ಫುಲ್ ರೇಸಿನಲ್ಲಿ ನನ್ನ ಮಷಿನ್ ಅದಕ್ಕಿಂತ ಜೋರು ಓಡುತ್ತದೆ. ಪುಣ್ಯಕ್ಕೆ ಆಗ ರೇಸ್ ಬಿಟ್ಟಿದ್ದೆ.

ಒಂದು ಅಂಕ ಕಳೆದದ್ದು ಯಾಕೆ? ಬಕಲ್ ಒಳಗೆ ಬೂದಿ ತುಂಬಿ ಬಿಚ್ಚಲು ಬರುವುದಿಲ್ಲ. ಸೆಕೆ ಹೇಳತೀರದು. ಹರಿದ ಮೇಲೆ ಮಾರಿದವರಿಗೆ ಫೋನ್ ಮಾಡಿದರೆ, "ಹೊಲಿಸಿಕೊಳ್ಳಿ ಸಾರ್, ಏನಾಗಲ್ಲ" ಅಂದರು. ಏನಾಗಲ್ಲ ಅಂತೆ! ಒಮ್ಮೆ ಚೈನ್ ತಾಗಿದರೆ ಬಿಸಾಡಬೇಕು ಎಂದು ಲೇಬಲ್‌ನಲ್ಲೇ ಬರೆದಿದೆ.

ಇದು ಕಾಲಿಗೆ ಮಾತ್ರ, ನೆನಪಿರಲಿ. ಸುಟ್ಟ ಮರ ಹೊರಗಿಂದ ಗಟ್ಟಿ ಕಂಡರೂ ಬೊಡ್ಡೆ ಎಷ್ಟೋ ಸಲ ಒಳಗೆ ಟೊಳ್ಳಾಗಿರುತ್ತದೆ. ಹಿಡಿತವೇ ಇಲ್ಲದ್ದಕ್ಕೆ ಅರ್ಧ ಕೊಯ್ಯುವ ಮೊದಲೇ ಎತ್ತಲೋ ಮಗುಚುತ್ತದೆ. ನಾವು ಕೊಡಲಿಯ ಹಿಂಬದಿಯಿಂದ ಬಡಿದು ನೋಡುತ್ತೇವೆ. ಡಬ್ ಡಬ್ ಅಂದರೆ ಆ ಮರದ ಸಹವಾಸ ಬೇಡ. ಗಾಳಿಯೇ ಇಲ್ಲದೆ ಒಣ ಟೊಂಗೆ ಮುರಿದು ಬೀಳುತ್ತದೆ, ಮಷಿನ್ ಸದ್ದಿನಲ್ಲಿ ಕೇಳಿಸುವುದೂ ಇಲ್ಲ. ಒಬ್ಬ ಬರೀ ಮೇಲೆ ನೋಡುತ್ತಲೇ ನಿಲ್ಲಬೇಕು. ಹಸಿ ಮರದಲ್ಲಿ ಒಂದು ಟ್ಯಾಂಕ್ ಪೆಟ್ರೋಲಿಗೊಮ್ಮೆ ಚೈನಿಗೆ ಅರ ಹಾಕಿ ಹರಿತ ಮಾಡಿದರೆ ಸಾಕಿತ್ತು. ಮಸಿ, ಮಣ್ಣು ಸೇರಿ ಇಲ್ಲಿ ಮೂರು ಸಲ ಹಾಕಬೇಕಾಯಿತು. ಮೊಂಡು ಚೈನನ್ನು ಒತ್ತಲು ಹೋದರೆ ಮಷಿನ್ ಮುಖಕ್ಕೇ ಎಗರುತ್ತದೆ.

ಸೈಜ್ ವಿಷಯ: ನಾನು 5 ಅಡಿ 5 ಇಂಚು. ಮೀಡಿಯಂ ಉದ್ದ ಜಾಸ್ತಿಯಾಗಿ ಪಾದದ ಮೇಲೆ ಮಡಚುತ್ತಿತ್ತು. ಈ ಸಲ ಸ್ಮಾಲ್ ಆರ್ಡರ್ ಮಾಡಿದ್ದೇನೆ, ಬೇರೆ ಅಂಗಡಿಯಿಂದ, ಜೊತೆಗೆ ಒಂದು ಹೆಲ್ಮೆಟ್.